ವೆಬ್ ಡೆವಲಪರ್ ಕ್ರಿಪ್ಟೋ ಕೆಲಸಕ್ಕೆ ಇಳಿಯುವುದಾದರೆ ಮೊದಲು ಏನನ್ನು ಕಲಿಯಬೇಕು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿದ್ದುಕೊಂಡು ಎಂಟು ವರ್ಷಗಳಿಂದ ವೆಬ್‌ಸೈಟುಗಳನ್ನು ಮಾಡಿಕೊಡುತ್ತಿದ್ದೇನೆ. ಮೊದಲು ಪಿಎಚ್‌ಪಿಯಲ್ಲಿ ಕೆಲಸ ಮಾಡುತ್ತಿದ್ದೆ, ಈಗ ಹೆಚ್ಚಾಗಿ ರಿಯಾಕ್ಟ್ ಮತ್ತು ನೋಡ್. ಪೋರ್ಚುಗಲ್‌ನಲ್ಲಿರುವ ನನ್ನ ಹಳೆಯ ಗ್ರಾಹಕರೊಬ್ಬರು ಛಾಯಾಚಿತ್ರಗಳ ಮುದ್ರಿತ ಪ್ರತಿಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಾರೆ. ತಮ್ಮ ಅಂಗಡಿಯಲ್ಲಿ ಕಾರ್ಡಿನ ಜೊತೆಗೆ ಯುಎಸ್‌ಡಿಸಿಯಲ್ಲಿಯೂ, ಅಂದರೆ ಡಾಲರಿಗೆ ಸಮನಾಗಿ ನಿಲ್ಲುವಂತೆ ಹೊರಡಿಸಲಾಗುವ ಆ ಟೋಕನ್‌ನಲ್ಲಿಯೂ, ಹಣ ಪಡೆಯುವ ಏರ್ಪಾಡು ಬೇಕೆಂದು ಅವರು ಕೇಳಿದ್ದಾರೆ. ಕಾರ್ಡ್ ಗೇಟ್‌ವೇಗಳನ್ನು ಜೋಡಿಸಿ ನನಗೆ ಅಭ್ಯಾಸವಿದೆ. ಇದು ಮಾತ್ರ ಹೊಸದು. ಯೂಟ್ಯೂಬ್‌ನಲ್ಲಿ ಹುಡುಕಿದರೆ ಯಾವ ನಾಣ್ಯ ಏರುತ್ತದೆ, ಯಾವುದು ಇಳಿಯುತ್ತದೆ ಎಂಬ ಮಾತೇ ಮುಗಿಯುವುದಿಲ್ಲ. ನನಗೆ ಬೆಲೆಯ ಗೊಡವೆ ಬೇಡ. ಬ್ಲಾಕ್‌ಚೈನಿನ ಪ್ರೋಗ್ರಾಮುಗಳನ್ನು ಬರೆಯುವ ಸಾಲಿಡಿಟಿ ಭಾಷೆಯನ್ನು ಕಲಿಯಲೇಬೇಕೇ? ಮೊದಲು ಸ್ವಲ್ಪ ನಾಣ್ಯವನ್ನು ಕೊಂಡಿಟ್ಟುಕೊಳ್ಳಬೇಕೇ? ನನಗೆ ಗೊತ್ತಿರುವ ಜಾವಾಸ್ಕ್ರಿಪ್ಟ್ ಎಲ್ಲಿಯವರೆಗೆ ಸಾಕಾಗುತ್ತದೆ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹಳೇಬೇರು

ತುಂಗಾತೀರ ಅವರೇ, ಸಾಲಿಡಿಟಿಯನ್ನು ಸದ್ಯಕ್ಕೆ ಬದಿಗಿಡಿ. ಯುಎಸ್‌ಡಿಸಿಯ ಕಾಂಟ್ರಾಕ್ಟನ್ನು, ಅಂದರೆ ಆ ಟೋಕನ್ನಿನ ಲೆಕ್ಕ ನಡೆಸುವ ಪ್ರೋಗ್ರಾಮನ್ನು, ಬೇರೆಯವರು ಈಗಾಗಲೇ ಬರೆದು ಚೈನಿನ (ಬ್ಲಾಕ್‌ಚೈನಿನ) ಮೇಲೆ ಇಟ್ಟಿದ್ದಾರೆ, ನೀವು ಅದನ್ನು ಬಳಸುವವರು ಮಾತ್ರ. ಕೊಳ್ಳುವುದನ್ನೂ ಮುಂದಕ್ಕೆ ಹಾಕಿ. ನನ್ನನ್ನು ಕೇಳಿದರೆ ಮೊದಲ ಒಂದು ವಾರ ಚೈನನ್ನು ಓದುವುದನ್ನಷ್ಟೇ ಮಾಡಬೇಕು, ಏನನ್ನೂ ಬರೆಯಬಾರದು.

ಯುಎಸ್‌ಡಿಸಿ ಓಡಾಡುವ ಚೈನುಗಳಲ್ಲಿ ಎಥೀರಿಯಂ ಒಂದು, ಅದರ ಜಾಲದಲ್ಲಿರುವ ಒಂದೊಂದು ಕಂಪ್ಯೂಟರನ್ನೂ ನೋಡ್ ಎನ್ನುತ್ತಾರೆ (ನೀವು ಬಳಸುವ ನೋಡ್ ಅಲ್ಲ). ಅದನ್ನು ಒಂದು ಜೇಸನ್ ಆರ್‌ಪಿಸಿ ಸರ್ವರ್, ಅಂದರೆ ಜೇಸನ್ ರೂಪದ ಕೋರಿಕೆಗೆ ಉತ್ತರಿಸುವ ಸರ್ವರ್, ಎಂದುಕೊಳ್ಳಿ. ನಿಮಗೆ ಗೊತ್ತಿರುವ ಅದೇ ಫೆಚ್ ಕರೆಯಿಂದ ಅದಕ್ಕೆ ಒಂದು ಪೋಸ್ಟ್ ಕಳುಹಿಸಿ ಇತ್ತೀಚಿನ ಬ್ಲಾಕಿನ (ಚೈನಿಗೆ ಸೇರುವ ವ್ಯವಹಾರಗಳ ಕಂತೆಯ) ಸಂಖ್ಯೆ ಎಷ್ಟೆಂದು ಕೇಳಿದರೆ, ಹೆಕ್ಸಾಡೆಸಿಮಲ್ ರೂಪದಲ್ಲಿ ಉತ್ತರ ಬರುತ್ತದೆ. ಹನ್ನೆರಡು ಸೆಕೆಂಡು ಬಿಟ್ಟು ಮತ್ತೆ ಕೇಳಿದರೆ ಅದು ಸಾಮಾನ್ಯವಾಗಿ ಒಂದು ಹೆಚ್ಚಾಗಿರುತ್ತದೆ, ಏಕೆಂದರೆ 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಗಣಿಗಾರಿಕೆಯನ್ನು ಬಿಟ್ಟು, ಠೇವಣಿ ಇಟ್ಟವರೇ ಬ್ಲಾಕ್ ಸೇರಿಸುವ ಪ್ರೂಫ್ ಆಫ್ ಸ್ಟೇಕ್‌ಗೆ ಹೊರಳಿದ ಮೇಲೆ ಹನ್ನೆರಡು ಸೆಕೆಂಡಿಗೊಂದು ಬ್ಲಾಕ್ ಎಂಬುದು ಗಡಿಯಾರದಂತೆ ನಡೆದುಬಂದಿದೆ. ಲೈಬ್ರರಿ ಇಲ್ಲದೆ ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. ಈಥರ್ಸ್, ವಿಯೆಮ್ ಮುಂತಾದ ಲೈಬ್ರರಿಗಳು ಒಳಗೆ ಮಾಡುವುದು ಇದನ್ನೇ ಎಂದು ತಿಳಿದರೆ ಅರ್ಧ ಭಯ ಹೋಗುತ್ತದೆ.

ಅನಂತರ ಯಾವುದಾದರೂ ವಿಳಾಸದಲ್ಲಿ, ಅಂದರೆ ಚೈನಿನ ಖಾತೆಯಲ್ಲಿ, ಎಷ್ಟು ಈಥರ್ ಇದೆಯೆಂದು ಕೇಳಿ. ಈಥರ್ ಎಂಬುದು ಎಥೀರಿಯಂನ ಸ್ವಂತ ನಾಣ್ಯ, ವೇ ಅದರ ಅತಿ ಚಿಕ್ಕ ಪಾಲು. ಜಾವಾಸ್ಕ್ರಿಪ್ಟಿನವರು ಮೊದಲು ಎಡವುವುದು ಇಲ್ಲಿಯೇ. ಒಂದು ಈಥರ್ ಎಂದರೆ ಹತ್ತರ ಹದಿನೆಂಟನೆಯ ಘಾತದಷ್ಟು ವೇ, ಮತ್ತು ಮೊತ್ತ ಯಾವಾಗಲೂ ವೇ ಲೆಕ್ಕದಲ್ಲಿಯೇ ಬರುತ್ತದೆ. ಜಾವಾಸ್ಕ್ರಿಪ್ಟಿನ ಸಾಧಾರಣ ಸಂಖ್ಯೆ ತಪ್ಪಿಲ್ಲದೆ ಹಿಡಿದಿಡಬಲ್ಲ ಪೂರ್ಣಾಂಕದ ಮಿತಿ 9007199254740991. ಅಂದರೆ ಒಂದು ಈಥರಿನ ನೂರನೆಯ ಒಂದು ಪಾಲೂ ಆ ಮಿತಿಯೊಳಗೆ ಹಿಡಿಯುವುದಿಲ್ಲ. ಆದ್ದರಿಂದ ಮೊದಲಿನಿಂದ ಕೊನೆಯವರೆಗೆ, ದೊಡ್ಡ ಪೂರ್ಣಾಂಕಗಳನ್ನು ತಪ್ಪಿಲ್ಲದೆ ಹಿಡಿಯುವ ಬಿಗ್‌ಇಂಟ್ ಬಳಸಿ, ದಶಮಾಂಶ ಚುಕ್ಕಿಯನ್ನು ಪರದೆಯ ಮೇಲೆ ತೋರಿಸುವ ಗಳಿಗೆಯಲ್ಲಿ ಮಾತ್ರ ಹಾಕಿ. ಬಿಗ್‌ಇಂಟ್ ಇರುವ ಆಬ್ಜೆಕ್ಟನ್ನು ಜೇಸನ್ ಆಗಿ ಮಾರ್ಪಡಿಸಲು ಹೋದರೆ ಎರರ್ ಬರುತ್ತದೆಂಬುದೂ ನೆನಪಿರಲಿ. ಡೇಟಾಬೇಸಿನಲ್ಲಿ ಅಂಥ ಮೊತ್ತವನ್ನು ಸ್ಟ್ರಿಂಗ್ ಆಗಿಯೋ ದೊಡ್ಡ ಡೆಸಿಮಲ್ ಕಾಲಮ್ಮಿನಲ್ಲಿಯೋ ಇಡಬೇಕು, ಫ್ಲೋಟ್ ಕಾಲಮ್ಮಿನಲ್ಲಿ ಖಂಡಿತ ಇಡಬಾರದು.

ರೊಟ್ಟಿಬುತ್ತಿ

ಹಳೇಬೇರು ಅವರ ಮಾತನ್ನು ಗೌರವದಿಂದಲೇ ಸ್ವಲ್ಪ ವಿರೋಧಿಸುತ್ತೇನೆ. ದಂಡೆಯ ಮೇಲೆ ನಿಂತು ಈಜು ಕಲಿಯಲಾಗುವುದಿಲ್ಲ. ಬ್ರೌಸರಿನಲ್ಲಿ ಕೀಲಿಗಳನ್ನು ಇಟ್ಟುಕೊಂಡು ಸಹಿ ಹಾಕುವ ಮೆಟಾಮಾಸ್ಕಿನಂಥ ಒಂದು ವಾಲೆಟ್ಟನ್ನು ಹಾಕಿಕೊಂಡು, ಸೆಪೋಲಿಯಾ ಎಂಬ ಪರೀಕ್ಷಾ ಜಾಲದ ಪುಕ್ಕಟೆ ಈಥರನ್ನು ಅದನ್ನು ಹಂಚುವ ಫಾಸೆಟ್ ಎಂಬ ತಾಣದಿಂದ ಪಡೆದು, ಮೊದಲ ದಿನವೇ ಒಂದು ವಿಳಾಸದಿಂದ ಇನ್ನೊಂದಕ್ಕೆ ಕಳುಹಿಸಿ ನೋಡಬೇಕು. ಬಟನ್ ಒತ್ತಿದ ಗಳಿಗೆಗೂ ಹಣ ತಲುಪಿತೆಂದು ಖಚಿತವಾಗುವ ಗಳಿಗೆಗೂ ನಡುವೆ ಒಂದು ವಿಚಿತ್ರವಾದ ಕಾಯುವಿಕೆ ಇದೆ. ಬಳಕೆದಾರನು ಟ್ಯಾಬ್ ಮುಚ್ಚುವುದು, ಗಾಬರಿಯಿಂದ ಎರಡನೆಯ ಸಲ ಒತ್ತುವುದು ಎಲ್ಲವೂ ಆ ಹೊತ್ತಿನಲ್ಲಿಯೇ. ಅದನ್ನು ಸ್ವತಃ ಅನುಭವಿಸದವನು ಒಳ್ಳೆಯ ಚೆಕ್‌ಔಟ್ ಪುಟವನ್ನು ಬರೆಯಲಾರ.

(ಈ ಪರೀಕ್ಷಾ ಜಾಲಗಳಿಗೆ ರೈಲು ನಿಲ್ದಾಣಗಳ ಹೆಸರಿಡುವುದು ರೂಢಿಯಾಗಿಬಿಟ್ಟಿದೆ, ಸೆಪೋಲಿಯಾ ಅಥೆನ್ಸಿನ ಒಂದು ಮೆಟ್ರೋ ನಿಲ್ದಾಣ. ನಮ್ಮವರ ಕೈಯಲ್ಲಿದ್ದರೆ ಒಂದು ಜಾಲಕ್ಕೆ ಮೆಜೆಸ್ಟಿಕ್ ಎಂದೇ ಹೆಸರು ಬೀಳುತ್ತಿತ್ತು.)

ಇನ್ನು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಮೊದಲ ಪ್ರಾಜೆಕ್ಟಿನಲ್ಲಿ ಬ್ರೌಸರಿನಿಂದ ಟ್ರಾನ್ಸಾಕ್ಷನ್ ಹ್ಯಾಶ್ (ವ್ಯವಹಾರದ ಗುರುತು ಸಂಖ್ಯೆ) ಬಂದ ಕೂಡಲೇ ಆರ್ಡರಿಗೆ ‘ಪಾವತಿಯಾಗಿದೆ’ ಎಂಬ ಮುದ್ರೆ ಒತ್ತುತ್ತಿದ್ದೆ. ಹಣ ಬಂತೆಂದು ಕಾರ್ಡ್ ಗೇಟ್‌ವೇ ತಾನೇ ಸರ್ವರಿಗೆ ತಿಳಿಸುವ ವೆಬ್‌ಹುಕ್‌ಗೆ ಒಗ್ಗಿಹೋದ ಬುದ್ಧಿ ಅದು. ಪರೀಕ್ಷೆಗೆಂದು ಕುಳಿತ ಸಹೋದ್ಯೋಗಿಯೊಬ್ಬರು ಬೇರೆ ಯಾರದೋ ಹಳೆಯ ಟ್ರಾನ್ಸಾಕ್ಷನ್ನಿನ ಹ್ಯಾಶನ್ನು ನಕಲು ಮಾಡಿ ಅಂಟಿಸಿದರು, ಆರ್ಡರ್ ಪಾಸಾಯಿತು. ಅಸಲಿಗೆ ಸೋತುಹೋದ ಟ್ರಾನ್ಸಾಕ್ಷನ್ ಸಹ ಬ್ಲಾಕಿನಲ್ಲಿ ಸೇರುತ್ತದೆ, ಅದಕ್ಕೂ ಹ್ಯಾಶ್ ಇರುತ್ತದೆ, ಅದಕ್ಕೂ ಗ್ಯಾಸ್ (ಜಾಲಕ್ಕೆ ಈಥರಿನಲ್ಲಿ ಕೊಡುವ ಶುಲ್ಕ) ಖರ್ಚಾಗುತ್ತದೆ. ಹಾಗಾಗಿ ಹ್ಯಾಶ್ ಎಂಬುದು ರಸೀದಿಯಲ್ಲ, ರಸೀದಿಯನ್ನು ಹುಡುಕಿಕೊಳ್ಳುವ ಸಂಖ್ಯೆ ಮಾತ್ರ. ನಿಮ್ಮ ಸರ್ವರ್ ತಾನೇ ಒಂದು ನೋಡನ್ನು ಕೇಳಿ ರಸೀದಿಯನ್ನು ತರಿಸಿಕೊಂಡು, ಅದರ ಸ್ಟೇಟಸ್ 1 (ಅಂದರೆ ಯಶಸ್ವಿ) ಆಗಿದೆಯೇ, ಟ್ರಾನ್ಸ್‌ಫರ್ ಎಂಬ ಇವೆಂಟ್ (ಕಾಂಟ್ರಾಕ್ಟ್ ಬರೆದಿಡುವ ದಾಖಲೆ) ನಿಜವಾದ ಯುಎಸ್‌ಡಿಸಿ ಕಾಂಟ್ರಾಕ್ಟಿನಿಂದಲೇ ಬಂದಿದೆಯೇ, ಹಣ ತಲುಪಿದ್ದು ನಿಮ್ಮ ಗ್ರಾಹಕರ ವಿಳಾಸಕ್ಕೇ ಹೌದೇ, ಮೊತ್ತ ಸರಿಯಿದೆಯೇ, ಅದೇ ಹ್ಯಾಶನ್ನು ಹಿಂದಿನ ಯಾವುದಾದರೂ ಆರ್ಡರಿಗೆ ಲೆಕ್ಕ ಹಾಕಿಬಿಟ್ಟಿದ್ದೀರೇ ಎಂದು ಎಲ್ಲವನ್ನೂ ನೋಡಬೇಕು. ಕಾಂಟ್ರಾಕ್ಟಿನ ವಿಳಾಸವನ್ನು ನೋಡಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಯುಎಸ್‌ಡಿಸಿ ಎಂಬ ಹೆಸರಿಟ್ಟು ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಒಂದು ಟೋಕನ್ ಹುಟ್ಟಿಸಬಹುದು, ಹೆಸರಿಗೆ ಅಲ್ಲಿ ಯಾವ ಕಾವಲೂ ಇಲ್ಲ.

ಹಳೇಬೇರು

ರೊಟ್ಟಿಬುತ್ತಿ ಅವರ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ಆದರೆ ಅವರ ತಪ್ಪು ಬಿದ್ದದ್ದು ಕಳುಹಿಸುವ ಕಡೆಯಲ್ಲಲ್ಲ, ಓದುವ ಕಡೆಯಲ್ಲಿ ಎಂಬುದನ್ನು ಗಮನಿಸಬೇಕು. ವೆಬ್ ಡೆವಲಪರ್ ಮಾಡುವ ಕ್ರಿಪ್ಟೋ ಕೆಲಸದಲ್ಲಿ ದೊಡ್ಡ ಪಾಲು ಚೈನಿನಲ್ಲಿ ಆದದ್ದನ್ನು ಸರಿಯಾಗಿ ಓದಿ, ಅದನ್ನು ಸುಳ್ಳಿಲ್ಲದೆ ತೋರಿಸುವುದೇ ಆಗಿದೆ.

ತುಂಗಾತೀರ

ಇಬ್ಬರಿಗೂ ಧನ್ಯವಾದಗಳು. ಬ್ಲಾಕಿನ ಸಂಖ್ಯೆ ಏರುವುದನ್ನು ಅರ್ಧ ಗಂಟೆ ಸುಮ್ಮನೆ ನೋಡುತ್ತ ಕುಳಿತಿದ್ದೆ. ಒಂದು ಸಂದೇಹವಿದೆ. ಕಾರ್ಡ್ ಪಾವತಿಯಲ್ಲಿ ಆರ್ಡರ್ ಐಡಿಯನ್ನು ಗೇಟ್‌ವೇಗೆ ಕೊಟ್ಟರೆ ಅದು ಹಾಗೆಯೇ ಮರಳಿ ಬರುತ್ತದೆ. ಯುಎಸ್‌ಡಿಸಿ ವರ್ಗಾವಣೆಯಲ್ಲಿ ಟಿಪ್ಪಣಿ ಬರೆಯಲು ಜಾಗವೇ ಕಾಣುವುದಿಲ್ಲ. ಇಬ್ಬರು ಒಂದೇ ಹೊತ್ತಿಗೆ ಇಪ್ಪತ್ತೈದು ಡಾಲರ್ ಕಳುಹಿಸಿದರೆ ಯಾವ ಹಣ ಯಾವ ಆರ್ಡರಿನದೆಂದು ಹೇಗೆ ತಿಳಿಯುವುದು?

ಹಳೇಬೇರು

ಪ್ರಶ್ನೆ ಸರಿಯಾಗಿದೆ, ಮತ್ತು ಇದಕ್ಕೆ ಮೂರು ದಾರಿಗಳಿವೆ. ಮೂರರಲ್ಲೂ ಒಂದೊಂದು ಮುಳ್ಳಿದೆ.

ಮೊದಲನೆಯದು ಪ್ರತಿ ಆರ್ಡರಿಗೂ ಪ್ರತ್ಯೇಕ ವಿಳಾಸ ಕೊಡುವುದು. ವಾಲೆಟ್ಟಿನ ಕೀಲಿಗಳಿಗೆಲ್ಲ ಮೂಲವಾದ ಗುಟ್ಟಿನ ಪದಗಳಿಂದ, ಅಂದರೆ ಒಂದೇ ಬೀಜಪದಗಳಿಂದ, ಲೆಕ್ಕವಿಲ್ಲದಷ್ಟು ವಿಳಾಸಗಳನ್ನು ಹುಟ್ಟಿಸುವ ಪದ್ಧತಿಯಿದ್ದು, ನಿಮ್ಮ ಸರ್ವರಿನಲ್ಲಿ ವಿಸ್ತೃತ ಸಾರ್ವಜನಿಕ ಕೀಲಿಯನ್ನಷ್ಟೇ ಇಟ್ಟುಕೊಂಡು ಹಣ ಸಾಗಿಸಲು ಬೇಕಾದ ಖಾಸಗಿ ಕೀಲಿಯ ಸೋಂಕೇ ಇಲ್ಲದೆ ಹೊಸ ವಿಳಾಸಗಳನ್ನು ಕೊಡುತ್ತ ಹೋಗಬಹುದು. ಸರ್ವರಿಗೆ ಕನ್ನ ಬಿದ್ದರೂ ಇದ್ದ ಹಣ ಹೋಗುವುದಿಲ್ಲ. ಮುಳ್ಳು ಎಲ್ಲಿದೆಯೆಂದರೆ, ಹಾಗೆ ನೂರು ವಿಳಾಸಗಳಲ್ಲಿ ಬಿದ್ದ ಯುಎಸ್‌ಡಿಸಿಯನ್ನು ಒಂದೆಡೆ ಗುಡಿಸಿ ಸೇರಿಸಲು ಸಾಮಾನ್ಯವಾಗಿ ಆ ನೂರು ವಿಳಾಸಗಳಲ್ಲಿಯೂ ಗ್ಯಾಸ್ ಖರ್ಚಿಗೆಂದು ಚೂರುಚೂರು ಈಥರ್ ಇರಬೇಕಾಗುತ್ತದೆ.

ಎರಡನೆಯದು, ಆರ್ಡರ್ ಐಡಿಯನ್ನು ಪಡೆದು ಹಣವನ್ನು ಮಾಲೀಕರಿಗೆ ದಾಟಿಸಿ ಒಂದು ಇವೆಂಟನ್ನು ಬರೆಯುವ ಪುಟ್ಟ ಕಾಂಟ್ರಾಕ್ಟ್. ಇದಕ್ಕೆ ಸಾಲಿಡಿಟಿ ಬೇಕು. 2016ರ ಜೂನ್‌ನಲ್ಲಿ ‘ದಿ ಡಿಎಒ’ ಎಂಬ ಕಾಂಟ್ರಾಕ್ಟಿನಲ್ಲಿದ್ದ ಒಂದು ದೋಷದಿಂದ ಸುಮಾರು 36 ಲಕ್ಷ ಈಥರ್ ಹೊರಗೆ ಹರಿದುಹೋಗಿ, ಅದನ್ನು ಸರಿಪಡಿಸಲು ಇಡೀ ಚೈನನ್ನೇ ಕವಲೊಡೆಸಬೇಕಾಯಿತು. ಮೊದಲ ಕಾಂಟ್ರಾಕ್ಟನ್ನು ಬೇರೆಯವರ ಹಣದ ಮೇಲೆ ಪ್ರಯೋಗಿಸುವುದು ಬೇಡವೆಂದು ನಾನು ಹೇಳುವುದು ಅದಕ್ಕಾಗಿ.

ಮೂರನೆಯದು ಸರಳ: ಗ್ರಾಹಕನು ಪುಟದಲ್ಲಿಯೇ ವಾಲೆಟ್ ಜೋಡಿಸಿ, ತನ್ನ ವಿಳಾಸ ತನ್ನದೇ ಎಂದು ಒಂದು ಸಹಿಯಿಂದ ತೋರಿಸಿಕೊಡುತ್ತಾನೆ. ಅನಂತರ ಆ ವಿಳಾಸದಿಂದ ಬಂದ ಆ ಮೊತ್ತವನ್ನು ಆ ಆರ್ಡರಿಗೆ ಹೊಂದಿಸುತ್ತೀರಿ. ಸಹಿ ಮಾಡಿಸುವ ಸಂದೇಶದಲ್ಲಿ ನಿಮ್ಮ ಡೊಮೈನ್ ಹೆಸರೂ ಸರ್ವರ್ ಹುಟ್ಟಿಸಿದ ಒಂದು ಸಲದ ಸಂಖ್ಯೆಯೂ ಇರಬೇಕು, ಇಲ್ಲದಿದ್ದರೆ ಹಳೆಯ ಸಹಿಯನ್ನು ಇನ್ನೊಬ್ಬರು ಮತ್ತೆ ಬಳಸಿಬಿಡಬಹುದು. ವಾಲೆಟ್ ಜೋಡಿಸದೆ ಎಲ್ಲಿಂದಲೋ ಕಳುಹಿಸುವವರಿಗೆ ಇದು ಒಗ್ಗುವುದಿಲ್ಲ, ಅದೇ ಇದರ ಮುಳ್ಳು. ನಿಮ್ಮ ಗ್ರಾಹಕರ ವ್ಯಾಪಾರ ಚಿಕ್ಕದಾದರೆ ಈ ಮೂರನೆಯದೇ ಸಾಕು.

ಡಬ್ಲಿನ್ ಕನ್ನಡತಿ

ಇಷ್ಟು ಹೊತ್ತು ಚರ್ಚೆಯೆಲ್ಲ ಚೈನಿನ ಕಡೆಗೇ ನಡೆಯಿತು. ನಾನು ಪುಟದ ಕಡೆಗೆ ಗಮನ ಸೆಳೆಯಲು ಬಯಸುತ್ತೇನೆ, ಏಕೆಂದರೆ ‘ನಾವು ಬರೀ ಫ್ರಂಟೆಂಡಿನವರು, ಭದ್ರತೆಯೆಲ್ಲ ಕಾಂಟ್ರಾಕ್ಟ್ ಬರೆಯುವವರ ತಲೆನೋವು’ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ.

2025ರ ಫೆಬ್ರವರಿ 21ರಂದು ಬೈಬಿಟ್ ಎಂಬ ಕ್ರಿಪ್ಟೋ ವಿನಿಮಯ ಕೇಂದ್ರದಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ಈಥರ್ ಮತ್ತು ಅದಕ್ಕೆ ಸಂಬಂಧಿಸಿದ ಟೋಕನ್‌ಗಳು ಕಳವಾದವು. ಹಲವರು ಸೇರಿ ಸಹಿ ಮಾಡಿದರೆ ಮಾತ್ರ ತೆರೆಯುವ ಸೇಫ್ ಎಂಬ ವಾಲೆಟ್ಟನ್ನು ಅವರು ಬಳಸುತ್ತಿದ್ದರು. ಅದರ ಕಾಂಟ್ರಾಕ್ಟಿನಲ್ಲಿ ದೋಷವಿರಲಿಲ್ಲ. ದಾಳಿಕೋರರು ಸೇಫ್ ತಂಡದ ಡೆವಲಪರ್ ಒಬ್ಬರ ಕಂಪ್ಯೂಟರಿನೊಳಗೆ ನುಗ್ಗಿ, ಆ ಮೂಲಕ ವೆಬ್ ಪುಟಕ್ಕೆ ಹೋಗುವ ಜಾವಾಸ್ಕ್ರಿಪ್ಟ್ ಫೈಲನ್ನು ಬದಲಿಸಿಬಿಟ್ಟಿದ್ದರು. ಸಹಿ ಮಾಡುವವರಿಗೆ ಪರದೆಯ ಮೇಲೆ ಕಂಡದ್ದು ಒಂದು ವ್ಯವಹಾರ, ಅವರ ಸಹಿ ಬಿದ್ದದ್ದು ಇನ್ನೊಂದಕ್ಕೆ. ಅಮೆರಿಕದ ಎಫ್‌ಬಿಐ ಇದನ್ನು ಉತ್ತರ ಕೊರಿಯಾದ ಕೈವಾಡವೆಂದು ಹೇಳಿತು. ನಾವು ದಿನವೂ ಬಿಲ್ಡ್ ಮಾಡಿ ಕ್ಲೌಡ್ ಬಕೆಟ್ಟಿಗೆ ಏರಿಸುವಂಥದ್ದೇ ಒಂದು ಫೈಲ್ ಅದು.

ಎನ್‌ಪಿಎಂ ಪ್ಯಾಕೇಜುಗಳ, ಅಂದರೆ ಜಾವಾಸ್ಕ್ರಿಪ್ಟಿನವರು ಹಂಚಿಕೊಳ್ಳುವ ಸಿದ್ಧ ಕೋಡಿನ, ಕಥೆಯೂ ಹೀಗೆಯೇ ಇದೆ. 2018ರಲ್ಲಿ ಈವೆಂಟ್ ಸ್ಟ್ರೀಮ್ ಎಂಬ ಪ್ಯಾಕೇಜಿನ ಹೊಣೆಯನ್ನು ಅಪರಿಚಿತರೊಬ್ಬರು ವಹಿಸಿಕೊಂಡು, ಒಂದು ನಿರ್ದಿಷ್ಟ ಬಿಟ್‌ಕಾಯಿನ್ ವಾಲೆಟ್ಟಿನ ಕೀಲಿಗಳನ್ನು ಕದಿಯುವ ಕೋಡನ್ನು ಅದರ ಬೆನ್ನಿಗೆ ಕಟ್ಟಿದರು. 2025ರ ಸೆಪ್ಟೆಂಬರ್‌ನಲ್ಲಿ ಚಾಕ್, ಡಿಬಗ್ ಮುಂತಾದ ಪ್ಯಾಕೇಜುಗಳ ನಿರ್ವಾಹಕರೊಬ್ಬರು ನಕಲಿ ಇಮೇಲ್ ನಂಬಿ ಖಾತೆ ಕಳೆದುಕೊಂಡಾಗ, ಒಳಸೇರಿಸಿದ ಕೋಡು ಬ್ರೌಸರಿನಲ್ಲಿ ಕುಳಿತು, ಹಣ ಹೋಗಬೇಕಾದ ವಿಳಾಸವನ್ನು ನೋಟಕ್ಕೆ ಅದನ್ನೇ ಹೋಲುವ ದಾಳಿಕೋರರ ವಿಳಾಸದಿಂದ ಬದಲಿಸುವಂತೆ ಬರೆಯಲಾಗಿತ್ತು. ಟರ್ಮಿನಲ್ಲಿನಲ್ಲಿ ಅಕ್ಷರಗಳಿಗೆ ಬಣ್ಣ ಬಳಿಯುವ ಚಾಕ್‌ಗೂ ಕ್ರಿಪ್ಟೋಗೂ ಏನು ನಂಟು? ಏನೂ ಇಲ್ಲ, ಅದು ಎಲ್ಲರ ಡಿಪೆಂಡೆನ್ಸಿ ಪಟ್ಟಿಯಲ್ಲಿ ಇತ್ತು ಅಷ್ಟೇ.

ಆದ್ದರಿಂದ ಪಾವತಿಯ ಪುಟವನ್ನು ಉಳಿದ ಅಂಗಡಿಯಿಂದ ಬೇರ್ಪಡಿಸಿ. ಚಾಟ್ ವಿಜೆಟ್ಟು, ಜಾಹೀರಾತಿನ ಪಿಕ್ಸೆಲ್ಲು, ಅನಲಿಟಿಕ್ಸು ಯಾವುದೂ ಆ ಪುಟಕ್ಕೆ ಬೇಡ. ಪುಟ ಎಲ್ಲಿಂದ ಕೋಡು ತರಬಹುದೆಂದು ಕಟ್ಟಿಹಾಕುವ ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯನ್ನು ಬಿಗಿಯಾಗಿ ಹಾಕಿ. ಪ್ಯಾಕೇಜುಗಳ ಆವೃತ್ತಿಗಳನ್ನು ನಮೂದಿಸಿದ ಲಾಕ್‌ಫೈಲಿನಲ್ಲಿ ಇದ್ದದ್ದನ್ನೇ ಇನ್‌ಸ್ಟಾಲ್ ಮಾಡುವಂತೆ ಬಿಲ್ಡನ್ನು ಕಟ್ಟಿ, ಹೊಸ ಆವೃತ್ತಿ ಬಂದ ದಿನವೇ ಏರಿಸುವ ಆತುರ ಬೇಡ. ಖಾಸಗಿ ಕೀಲಿಯನ್ನಂತೂ ಎನ್ವಿರಾನ್‌ಮೆಂಟ್ ಫೈಲಿನಲ್ಲಿಟ್ಟು ಅದಕ್ಕೆ ‘ವೀಟ್’ (ಅದೇ ಹೆಸರಿನ ಬಿಲ್ಡ್ ಸಾಧನದ್ದು) ಎಂಬ ಪೂರ್ವಪದ ಹಚ್ಚಿದಿರೋ, ಅದು ನೇರವಾಗಿ ಬ್ರೌಸರಿನ ಬಂಡಲ್‌ಗೆ ಹೋಗಿ ಕೂರುತ್ತದೆ; ನಾನು ರಿವ್ಯೂ ಮಾಡಿದ ಕೋಡಿನಲ್ಲಿ ಇದನ್ನು ಎರಡು ಸಲ ಕಂಡಿದ್ದೇನೆ. ಕಾಂಟ್ರಾಕ್ಟ್ ಪರೀಕ್ಷಿಸುವ ಸಾಧನಗಳಾದ ಹಾರ್ಡ್‌ಹ್ಯಾಟ್ ಮತ್ತು ಆನ್ವಿಲ್ ಕೊಡುವ ಪರೀಕ್ಷಾ ಖಾತೆಗಳ ಕೀಲಿಗಳು ಲೋಕಕ್ಕೆಲ್ಲ ಗೊತ್ತಿರುವಂಥವು, ಆ ವಿಳಾಸಗಳಿಗೆ ನಿಜವಾದ ಹಣವನ್ನು ಕಳುಹಿಸಿದರೆ ಯಂತ್ರಗಳು ಕಾದುಕೊಂಡಿದ್ದು ಎತ್ತಿಕೊಳ್ಳುತ್ತವೆ.

ಲೆಕ್ಕದ ಪುಸ್ತಕ

ನಾನು ಡೆವಲಪರ್ ಅಲ್ಲ, ಚಾರ್ಟರ್ಡ್ ಅಕೌಂಟೆಂಟ್. ತುಂಗಾತೀರ ಅವರು ಕೇಳದಿದ್ದರೂ ಒಂದು ಮಾತು ಹೇಳಬೇಕಾಗಿದೆ. ಗ್ರಾಹಕರು ‘ನಿಮ್ಮ ಸಂಭಾವನೆಯನ್ನೂ ಯುಎಸ್‌ಡಿಸಿಯಲ್ಲೇ ಕೊಡಲೇ’ ಎಂದು ಕೇಳುವ ದಿನ ದೂರವಿಲ್ಲ. ಬೇಡವೆನ್ನಿ, ಬ್ಯಾಂಕಿನ ಮೂಲಕವೇ ತರಿಸಿಕೊಳ್ಳಿ.

ಭಾರತದಲ್ಲಿ ಕ್ರಿಪ್ಟೋ ಟೋಕನ್‌ಗಳು ನಿಷಿದ್ಧವಲ್ಲ. ರಿಸರ್ವ್ ಬ್ಯಾಂಕು 2018ರ ಏಪ್ರಿಲ್ 6ರಂದು ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದೆಂದು ಹೊರಡಿಸಿದ್ದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಪಡಿಸಿತು. ಆದರೆ ತೆರಿಗೆ ಕಠಿಣವಾಗಿದೆ. 2022ರ ಏಪ್ರಿಲ್ 1ರಿಂದ ವರ್ಚುವಲ್ ಡಿಜಿಟಲ್ ಆಸ್ತಿಯ (ತೆರಿಗೆ ಕಾನೂನಿನಲ್ಲಿ ಕ್ರಿಪ್ಟೋ ಬರುವುದು ಈ ಹೆಸರಿನಡಿ) ಲಾಭದ ಮೇಲೆ ಶೇಕಡಾ 30ರ ತೆರಿಗೆಯಿದ್ದು, ಅದರ ಮೇಲೆ ಸೆಸ್ ಬೇರೆ ಬೀಳುತ್ತದೆ. ಕೊಂಡ ಬೆಲೆಯ ಹೊರತು ಬೇರೆ ಖರ್ಚನ್ನು ಕಳೆಯುವಂತಿಲ್ಲ, ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ. 2022ರ ಜುಲೈ 1ರಿಂದ ವರ್ಗಾವಣೆಯ ಮೇಲೆ ಶೇಕಡಾ 1ರ ಟಿಡಿಎಸ್ ಸಹ ಸೇರಿಕೊಂಡಿದೆ.

ಇನ್ನೊಂದು ಎಚ್ಚರಿಕೆ. 2023ರ ಮಾರ್ಚ್ 7ರ ಅಧಿಸೂಚನೆಯ ಪ್ರಕಾರ, ಬೇರೆಯವರ ಪರವಾಗಿ ಕ್ರಿಪ್ಟೋವನ್ನು ವಿನಿಮಯ ಮಾಡುವುದು, ವರ್ಗಾಯಿಸುವುದು, ಕಾಪಾಡಿ ಇಡುವುದು ಮುಂತಾದ ವ್ಯವಹಾರಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ‘ಗ್ರಾಹಕರ ಹಣವನ್ನು ಎರಡು ದಿನ ನನ್ನ ವಾಲೆಟ್ಟಿನಲ್ಲಿಟ್ಟುಕೊಂಡು ಆಮೇಲೆ ದಾಟಿಸುತ್ತೇನೆ’ ಎಂಬ ಏರ್ಪಾಡಿಗೆ ಯಾವ ಕಾರಣಕ್ಕೂ ಕೈಹಾಕಬೇಡಿ. ಕೀಲಿ ಅವರದು, ಹಣ ನೇರವಾಗಿ ಅವರಿಗೆ ಹೋಗಬೇಕು, ನಿಮ್ಮದು ಕೋಡು ಮಾತ್ರ.

ತುಂಗಾತೀರ

ಮೂರು ವಾರಗಳ ನಂತರ ಮರಳಿ ಬರೆಯುತ್ತಿದ್ದೇನೆ. ಸಂಭಾವನೆಯ ಮಾತು ನಿಜವಾಗಿಯೂ ಬಂತು, ಬ್ಯಾಂಕೇ ಇರಲಿ ಎಂದು ಹೇಳಿದೆ.

ಸೆಪೋಲಿಯಾದಲ್ಲಿ ಎಲ್ಲವೂ ನಡೆಯುತ್ತಿದೆ, ಆದರೆ ಎರಡು ದಿನ ಒಂದು ಸಮಸ್ಯೆಯಲ್ಲಿ ಒದ್ದಾಡಿದೆ. ಇಪ್ಪತ್ತೈದು ಯುಎಸ್‌ಡಿಸಿ ಬಂದರೆ ನನ್ನ ಪುಟ 0.000000000025 ಎಂದು ತೋರಿಸುತ್ತಿತ್ತು. ಇದಕ್ಕೆ ಕಾರಣವನ್ನು ಕೊನೆಗೆ ಕಂಡುಕೊಂಡೆನೆಂದು ತಿಳಿದಿದ್ದೇನೆ, ಆದರೂ ಒಮ್ಮೆ ದೃಢಪಡಿಸಿ.

ಹಳೇಬೇರು

ಈಥರಿಗೆ ಹದಿನೆಂಟು ದಶಮಾಂಶ ಸ್ಥಾನಗಳು, ಎಥೀರಿಯಂ ಮೇಲಿನ ಯುಎಸ್‌ಡಿಸಿಗೆ ಆರು. ಇಪ್ಪತ್ತೈದು ಯುಎಸ್‌ಡಿಸಿ ಎಂದರೆ ಚೈನಿನಲ್ಲಿ 25000000. ನೀವು ಈಥರಿಗೆಂದು ಇರುವ ಫಂಕ್ಷನ್ನನ್ನೇ ಇದಕ್ಕೂ ಬಳಸಿರಬೇಕು. ತೋರಿಸುವಾಗ ಆದ ತಪ್ಪಾದ್ದರಿಂದ ನಗೆಗೆ ಮುಗಿಯಿತು. ಹಣ ಕೇಳುವಾಗ ಇದೇ ತಪ್ಪಾಗಿದ್ದರೆ ಒಂದು ಛಾಯಾಚಿತ್ರಕ್ಕೆ 25 ಲಕ್ಷ ಕೋಟಿ ಡಾಲರ್ ಕೇಳಿದಂತಾಗುತ್ತಿತ್ತು. ಸ್ಥಾನಗಳ ಸಂಖ್ಯೆಯನ್ನು ಊಹಿಸದೆ ಕಾಂಟ್ರಾಕ್ಟನ್ನೇ ಕೇಳಿ, ಅದಕ್ಕೆ ಡೆಸಿಮಲ್ಸ್ ಎಂಬ ಫಂಕ್ಷನ್ ಇದೆ. ಬಿಎನ್‌ಬಿ ಚೈನ್ ಎಂಬ ಬೇರೊಂದು ಜಾಲದಲ್ಲಿ ಯುಎಸ್‌ಡಿಸಿ ಹೆಸರಿನಲ್ಲಿ ಓಡಾಡುವ ಟೋಕನ್‌ಗೆ ಹದಿನೆಂಟು ಸ್ಥಾನಗಳಿವೆ, ಹಾಗಾಗಿ ಹೆಸರು ಒಂದೇ ಎಂದು ಆರನ್ನು ಕೋಡಿನಲ್ಲಿ ಗಟ್ಟಿಯಾಗಿ ಬರೆದಿಡುವುದೂ ಕ್ಷೇಮವಲ್ಲ.

ಜೊತೆಗೆ, ವಿಳಾಸಗಳನ್ನು ಹೋಲಿಸುವಾಗ ದೊಡ್ಡಕ್ಷರ, ಸಣ್ಣಕ್ಷರಗಳ ಕಡೆ ನೋಡಿಕೊಳ್ಳಿ. ಎಥೀರಿಯಂ ವಿಳಾಸದಲ್ಲಿ ಅಕ್ಷರಗಳು ಬೆರೆತು ಬರುವುದು ತಪ್ಪು ಟೈಪಿಂಗನ್ನು ಹಿಡಿಯುವ ಉಪಾಯವಷ್ಟೇ. ವಿಳಾಸ ಒಂದೇ ಆಗಿದ್ದರೂ ನಿಮ್ಮ ಸ್ಟ್ರಿಂಗ್ ಹೋಲಿಕೆ ಬೇರೆಬೇರೆ ಎಂದು ಹೇಳಿಬಿಡುತ್ತದೆ.

ರೊಟ್ಟಿಬುತ್ತಿ

ಎಷ್ಟು ಹೊತ್ತು ಕಾಯಬೇಕೆಂದು ನಿರ್ಧರಿಸಿದ್ದೀರಾ? ಎಥೀರಿಯಂನಲ್ಲಿ ಬ್ಲಾಕ್ ಅಂತಿಮವೆನ್ನಿಸಲು, ಅಂದರೆ ಇನ್ನು ಹಿಂದೆಗೆಯಲಾಗದಂತಾಗಲು, ಸುಮಾರು ಹದಿಮೂರು ನಿಮಿಷ ಬೇಕು. ಇಪ್ಪತ್ತೈದು ಡಾಲರಿನ ಚಿತ್ರಕ್ಕೆ ಗ್ರಾಹಕನನ್ನು ಅಷ್ಟು ಹೊತ್ತು ನಿಲ್ಲಿಸುವುದು ಬೇಡ, ‘ಹಣ ಕಾಣಿಸಿದೆ’ ಎಂದು ಒಂದೆರಡು ಬ್ಲಾಕಿಗೇ ತಿಳಿಸಿ, ಅಂಚೆಗೆ ಹಾಕುವ ನಿರ್ಧಾರವನ್ನು ಮಾತ್ರ ಅಂತಿಮವಾದ ಮೇಲೆ ತೆಗೆದುಕೊಳ್ಳಿ. ಇನ್ನೊಂದು ವಿಷಯ: ಹಣ ಮರಳಿಸುವ ಸಂದರ್ಭ ಬಂದರೆ, ಬಂದ ವಿಳಾಸಕ್ಕೇ ಹಿಂದೆ ಕಳುಹಿಸುವ ಕೋಡನ್ನು ಬರೆಯಬೇಡಿ. ಗ್ರಾಹಕನು ವಿನಿಮಯ ಕೇಂದ್ರದಿಂದ ನೇರವಾಗಿ ಕಳುಹಿಸಿದ್ದರೆ ಅದು ಆ ಕೇಂದ್ರದ ಸಾವಿರಾರು ಜನರ ಹಣವಿರುವ ವಿಳಾಸವಾಗಿರುತ್ತದೆ, ಅಲ್ಲಿಗೆ ಹೋದದ್ದು ಅವನ ಖಾತೆಗೆ ಸೇರುವ ಭರವಸೆಯಿಲ್ಲ.

ತುಂಗಾತೀರ

ಹಣ ಮರಳಿಸಲು ಪ್ರತ್ಯೇಕ ವಿಳಾಸ ಕೇಳುವ ಒಂದು ಕಾಲಮ್ಮನ್ನು ಇವತ್ತು ಸೇರಿಸಿದೆ. ಗ್ಯಾಸ್ ಖರ್ಚು ಕಡಿಮೆಯಿರಲಿ ಎಂದು ಮುಖ್ಯ ಜಾಲದ ಬದಲು ಎಥೀರಿಯಂ ಮೇಲೆ ಕಟ್ಟಿದ ಬೇಸ್ ಎಂಬ ಎರಡನೆಯ ಪದರದ ಜಾಲವನ್ನು ಆರಿಸಿಕೊಂಡೆವು, ಅಲ್ಲಿಯೂ ಯುಎಸ್‌ಡಿಸಿಗೆ ಆರೇ ಸ್ಥಾನಗಳೆಂದು ಕಾಂಟ್ರಾಕ್ಟನ್ನು ಕೇಳಿಯೇ ತಿಳಿದುಕೊಂಡೆ.

ನಿನ್ನೆ ನಿಜವಾದ ಹಣದಿಂದ ಮೊದಲ ಪರೀಕ್ಷೆ ನಡೆಯಿತು. ಗ್ರಾಹಕರ ತಂಗಿ ಕೊಳ್ಳುವವರಾಗಿ ಕುಳಿತಿದ್ದರು, ಅವರ ವಾಲೆಟ್ಟಿನಲ್ಲಿ ನಲವತ್ತು ಯುಎಸ್‌ಡಿಸಿ ಇತ್ತು. ಬಟನ್ ಒತ್ತಿದರೆ ಸಾಕಷ್ಟು ಹಣವಿಲ್ಲ ಎಂಬ ಉತ್ತರ ಬಂತು. ನಾನು ಮತ್ತೆ ದಶಮಾಂಶವೇ ಇರಬೇಕೆಂದು ಒಂದು ಗಂಟೆ ಕೋಡನ್ನು ತಡಕಾಡಿದೆ. ಕೊನೆಗೆ ನೋಡಿದರೆ ಕೋಡು ಸರಿಯಾಗಿಯೇ ಇತ್ತು, ಅವರ ಬಳಿ ಗ್ಯಾಸಿಗೆ ಬೇಕಾದ ಈಥರ್ ಒಂದು ಚೂರೂ ಇರಲಿಲ್ಲ. ಈಗ ವಾಲೆಟ್ ಜೋಡಿಸಿದ ಕೂಡಲೇ ಯುಎಸ್‌ಡಿಸಿ, ಈಥರ್ ಎರಡೂ ಎಷ್ಟಿವೆಯೆಂದು ಓದಿ, ಈಥರ್ ಇಲ್ಲದಿದ್ದರೆ ಬಟನ್ನಿಗಿಂತ ಮೊದಲೇ ಹಾಗೆಂದು ಹೇಳುವ ಒಂದು ಸಾಲನ್ನು ಪುಟದಲ್ಲಿ ಬರೆದಿದ್ದೇನೆ.